ನಿಮ್ಮ ಕಾರಿಗೆ ಯಾವ ಆಕ್ಟೇನ್?

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ವಸ್ತುವನ್ನು ನಿಮ್ಮ ಕೈಗೆ ಕೊಡುತ್ತೇನೆ. ಇದೊಂದು ಪಿಸ್ಟನ್. ಮುಂದಿನ ಸಾಲಿನವರು ಹಿಡಿದು ನೋಡಿ, ಆಮೇಲೆ ಹಿಂದಕ್ಕೆ ದಾಟಿಸಿ. ತಲೆಯ ಅಂಚಿನ ಮೇಲೆ ಬೆರಳಾಡಿಸಿ. ಒಂದು ಕಡೆ ನುಣ್ಣಗಿದೆ. ಇನ್ನೊಂದು ಕಡೆ ಬೆರಳು ತಡೆಯುತ್ತದೆ, ಅಲ್ವಾ? ಗೆದ್ದಲು ಕೊರೆದ ಹಾಗೆ ಸಣ್ಣ ಸಣ್ಣ ಗುಳಿಗಳು. ಅದರ ಕೆಳಗೆ ರಿಂಗ್ ಕೂರುವ ತೋಡಿನ ಅಂಚು ಒಂದು ಚೂರು ಮುರಿದೇ ಹೋಗಿದೆ.

ಇದು ನನ್ನದೇ ಹಳೆಯ ಕಾರಿನ ಪಿಸ್ಟನ್. ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ, ಇದ್ದ ಕಾಲದ ಗಾಡಿ. ಮೈಲೇಜ್ ಕಡಿಮೆಯಾಯಿತು ಅಂತ ಒಬ್ಬ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಅವರು ಡಿಸ್ಟ್ರಿಬ್ಯೂಟರ್ ಸಡಿಲ ಮಾಡಿ, ಒಂದಿಷ್ಟು ತಿರುಗಿಸಿ, ಮತ್ತೆ ಬಿಗಿ ಮಾಡಿದರು. "ಟೈಮಿಂಗ್ ಅಡ್ವಾನ್ಸ್ ಮಾಡಿದ್ದೀನಿ ಸರ್, ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ" ಅಂದರು. ಅಂದರೆ ಕಿಡಿ ಮೊದಲಿಗಿಂತ ಬೇಗ ಹಾರುವ ಹಾಗೆ ಮಾಡಿದ್ದರು. ಪಿಕಪ್ ಬಂತು ಅಂತ ನನಗೂ ಅನ್ನಿಸಿತು. ಜೊತೆಗೆ ಒಂದು ಶಬ್ದವೂ ಬಂತು. ದಿಣ್ಣೆ ಹತ್ತುವಾಗ, ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ, ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕಟಕಟ ಕಟಕಟ. ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತಿತ್ತು. ಹಳೇ ಗಾಡಿ ಅಲ್ವಾ, ಏನೋ ಅಲ್ಲಾಡುತ್ತಿದೆ ಅಂತ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದ ತಿಂಗಳುಗಳ ಲೆಕ್ಕ ಈಗ ನಿಮ್ಮ ಕೈಯಲ್ಲಿದೆ.

ಇವತ್ತಿನ ವಿಷಯ ಆಕ್ಟೇನ್. ಅದರ ಅರ್ಥ ಪೂರ್ತಿ ಈ ಶಬ್ದದಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಇಂಜಿನ್ನಿನ ಒಳಗೆ ಏನಾಗುತ್ತದೆ ನೋಡಿ. ಗಾಳಿ ಮತ್ತು ಪೆಟ್ರೋಲ್ ಬೆರೆತು ಸಿಲಿಂಡರಿಗೆ ಬರುತ್ತವೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತುತ್ತದೆ. ಒತ್ತಿದಾಗ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಪಂಪಿನ ತುದಿ ಸುಡುತ್ತದೆ. ಪಿಸ್ಟನ್ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ. ಯಾಕೆ ಮೊದಲೇ? ಬೆಂಕಿ ಹರಡುವುದಕ್ಕೆ ಸಮಯ ಬೇಕು. ಪಿಸ್ಟನ್ ತುದಿ ದಾಟಿ, ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಇನ್ನೊಂದು 15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ಅತಿ ಹೆಚ್ಚಾಗಬೇಕು. ಆಗ ಪಿಸ್ಟನ್ನಿಗೆ ಬೀಳುವ ತಳ್ಳು ಪೂರ್ತಿ ಕೆಲಸಕ್ಕೆ ಬರುತ್ತದೆ. ಇಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೆ ಒಂದು ಸಲದಂತೆ ಒಂದು ಸಿಲಿಂಡರಿನಲ್ಲಿ ಇದೆಲ್ಲ ಸೆಕೆಂಡಿಗೆ 25 ಸಲ ಆಗುತ್ತದೆ. ಒಂದೊಂದು ಸಲವೂ ಕಿಡಿಯ ಹೊತ್ತು ಸರಿಯಾಗಿರಬೇಕು.

ಈಗ ಬೆಂಕಿ ಪ್ಲಗ್ಗಿನಿಂದ ಸುತ್ತಲೂ ಹರಡುತ್ತಿದೆ. ಅದು ಇನ್ನೂ ಮುಟ್ಟದ ಒಂದು ಮೂಲೆ ಇದೆ. ಆ ಮೂಲೆಯ ಮಿಶ್ರಣದ ಪಾಡು ನೋಡಿ. ಒಂದು ಕಡೆ ಪಿಸ್ಟನ್ ಒತ್ತಿದೆ. ಇನ್ನೊಂದು ಕಡೆ ಉರಿಯುತ್ತಿರುವ ಅನಿಲ ಉಬ್ಬಿ ಒತ್ತುತ್ತಿದೆ. ಬಿಸಿ ಏರುತ್ತಲೇ ಇದೆ. ಬೆಂಕಿ ತನ್ನ ಹತ್ತಿರ ಬರುವವರೆಗೆ ಆ ಮೂಲೆ ತಾಳಿಕೊಂಡರೆ ಎಲ್ಲವೂ ಸಲೀಸು. ತಾಳದೆ ಹೋದರೆ, ಅಲ್ಲಿರುವುದೆಲ್ಲ ತಾನೇ ತಾನಾಗಿ ಒಂದೇ ಏಟಿಗೆ ಹೊತ್ತಿಕೊಳ್ಳುತ್ತದೆ. ಆ ಏಟಿಗೆ ಒತ್ತಡದ ಅಲೆ ಎದ್ದು ಸಿಲಿಂಡರಿನ ಗೋಡೆಗೆ ಹೊಡೆದು ವಾಪಸು ಬರುತ್ತದೆ, ಮತ್ತೆ ಹೊಡೆಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಲೋಹ ನಡುಗುತ್ತದೆ. ನಾನು ಕೇಳಿದ ಗೋಲಿಯ ಶಬ್ದ ಅದೇ. ಕಿಡಿ ಬೇಕಾದ್ದಕ್ಕಿಂತ ಬೇಗ ಹಾರಿದರೆ ಆ ಮೂಲೆಯ ಒತ್ತಡ, ಬಿಸಿ ಇನ್ನೂ ಏರುತ್ತವೆ. ಇದಕ್ಕೆ ನಾಕಿಂಗ್ ಅನ್ನುತ್ತಾರೆ.

ಶಬ್ದ ಬಂದರೆ ಬರಲಿ ಬಿಡಿ ಅನ್ನುವ ಹಾಗಿಲ್ಲ. ಸಿಲಿಂಡರಿನ ಒಳಗೆ ಬೆಂಕಿಯ ಬಿಸಿ ಅಲ್ಯೂಮಿನಿಯಂ ಕರಗುವ ಮಟ್ಟಕ್ಕಿಂತ ಎಷ್ಟೋ ಮೇಲಿರುತ್ತದೆ. ಆದರೂ ಪಿಸ್ಟನ್ ಕರಗುವುದಿಲ್ಲ. ಒಳಗಿನಿಂದ ಬಿಸಿಯನ್ನು ರಿಂಗು, ಆಯಿಲು, ಕೂಲಂಟು ಹೊತ್ತುಕೊಂಡು ಹೋಗುತ್ತವೆ. ಹೊರಗೆ, ಲೋಹದ ಮೈಗೆ ಅಂಟಿಕೊಂಡಂತೆ ಅನಿಲದ ಒಂದು ತೆಳು ಪದರ ಇರುತ್ತದೆ. ಅದು ಬೆಂಕಿಗಿಂತ ತಂಪು. ಪಿಸ್ಟನ್ನಿಗೆ ಅದೇ ಹೊದಿಕೆ. ನಾಕಿಂಗ್ ಅಲೆ ಆ ಹೊದಿಕೆಯನ್ನು ಕಿತ್ತು ಹಾಕುತ್ತದೆ. ಆಮೇಲೆ ಬಿಸಿ ನೇರವಾಗಿ ಲೋಹಕ್ಕೆ ತಾಗುತ್ತದೆ. ಒಂದೆರಡು ಸಲ ಆದರೆ ಏನೂ ಆಗುವುದಿಲ್ಲ. ದಿನಾ ಆಗುತ್ತಿದ್ದರೆ ಈ ಗುಳಿಗಳು ಮೂಡುತ್ತವೆ.

ತಾಳಿದವನು ಬಾಳಿಯಾನು ಅಂತ ಗಾದೆ ಇದೆಯಲ್ಲ, ಪೆಟ್ರೋಲಿಗೂ ಅದೇ ಮಾತು. ಆ ಮೂಲೆಯಲ್ಲಿ ಪೆಟ್ರೋಲ್ ಎಷ್ಟು ಹೊತ್ತು ತಾಳಿಕೊಳ್ಳುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್ ನಂಬರ್. ಬಂಕಿನಲ್ಲಿ ಬರೆದಿರುವ 91, 95, 98 ಇವೆಲ್ಲ ತಾಳಿಕೆಯ ಅಂಕಿಗಳು. ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಇದೆ, ಎಷ್ಟು ಶುದ್ಧವಾಗಿದೆ ಅನ್ನುವುದನ್ನು ಈ ಅಂಕಿ ಹೇಳುವುದೇ ಇಲ್ಲ.

ಈ ಅಳತೆ ಹುಟ್ಟಿದ ಕತೆ ನನಗೆ ಬಹಳ ಇಷ್ಟ. 1920ರ ದಶಕದಲ್ಲಿ ಇಂಜಿನ್ ಮಾಡುವವರೆಲ್ಲ ಇದೇ ಕಟಕಟಕ್ಕೆ ಸಿಕ್ಕಿ ಒದ್ದಾಡುತ್ತಿದ್ದರು. ಒಂದು ಕಡೆಯ ಪೆಟ್ರೋಲ್ ತಾಳುತ್ತಿತ್ತು, ಇನ್ನೊಂದು ಕಡೆಯದು ತಾಳುತ್ತಿರಲಿಲ್ಲ. ಹೋಲಿಸಿ ನೋಡಲು ಎಲ್ಲರೂ ಒಪ್ಪುವ ಅಳತೆ ಇರಲಿಲ್ಲ. ಗ್ರಹಾಂ ಎಡ್ಗರ್ ಎಂಬ ರಸಾಯನ ವಿಜ್ಞಾನಿ ಎರಡು ಶುದ್ಧ ದ್ರವಗಳನ್ನು ಆರಿಸಿಕೊಂಡರು. ಒಂದು ಐಸೋ ಆಕ್ಟೇನ್, ಚೆನ್ನಾಗಿ ತಾಳುತ್ತದೆ. ಅದಕ್ಕೆ 100. ಇನ್ನೊಂದು ನಾರ್ಮಲ್ ಹೆಪ್ಟೇನ್, ತಾಳುವುದೇ ಇಲ್ಲ. ಅದಕ್ಕೆ 0. ಈ ಹೆಪ್ಟೇನ್ ಆಗ ಸಿಗುತ್ತಿದ್ದದ್ದು ಎಲ್ಲಿಂದ ಗೊತ್ತಾ? ಜೆಫ್ರಿ ಪೈನ್ ಅನ್ನುವ ಮರದ ಅಂಟಿನಿಂದ. ಮರದ ಅಂಟನ್ನು ಭಟ್ಟಿ ಇಳಿಸಿದರೆ ಬಹಳ ಶುದ್ಧವಾದ ಹೆಪ್ಟೇನ್ ಬರುತ್ತಿತ್ತು. ನಾವು ಇವತ್ತಿಗೂ ಓದುವ ಆಕ್ಟೇನ್ ಅಳತೆಯ ಸೊನ್ನೆ ಒಂದು ಮರದಿಂದ ಬಂದದ್ದು.

95 ಅಂದರೆ ಏನು ಈಗ ಹೇಳುವುದು ಸುಲಭ. 95 ಪಾಲು ಐಸೋ ಆಕ್ಟೇನ್, 5 ಪಾಲು ಹೆಪ್ಟೇನ್ ಬೆರೆಸಿದರೆ ಎಷ್ಟು ತಾಳುತ್ತದೋ, ಈ ಪೆಟ್ರೋಲೂ ಅಷ್ಟೇ ತಾಳುತ್ತದೆ. ಪೆಟ್ರೋಲಿನಲ್ಲಿ ಅಷ್ಟು ಆಕ್ಟೇನ್ ತುಂಬಿದೆ ಅಂತ ಅರ್ಥವಲ್ಲ. ಅದರಲ್ಲಿ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳಿವೆ. ನಾರ್ಮಲ್ ಆಕ್ಟೇನ್ ಅಂತಲೇ ಒಂದು ವಸ್ತು ಇದೆ. ಅದರ ಆಕ್ಟೇನ್ ನಂಬರ್ ಸೊನ್ನೆಗಿಂತ ಕೆಳಗೆ! ಇನ್ನೊಂದು ಕಡೆ ಎಥನಾಲ್, ಟಾಲೀನ್‌ನಂಥವು 100 ದಾಟುತ್ತವೆ.

ಅಳೆಯುವುದಕ್ಕೆ ಒಂದು ವಿಶೇಷ ಇಂಜಿನ್ ಇದೆ. ಒಂದೇ ಸಿಲಿಂಡರು. ಓಡುತ್ತಿರುವಾಗಲೇ ಅದರ ಕಂಪ್ರೆಷನ್, ಅಂದರೆ ಮಿಶ್ರಣವನ್ನು ಎಷ್ಟು ಒತ್ತುತ್ತದೆ ಅನ್ನುವುದನ್ನು, ಏರಿಸಿ ಇಳಿಸಬಹುದು. ಸಿಎಫ್‌ಆರ್ ಇಂಜಿನ್ ಅನ್ನುತ್ತಾರೆ. 1920ರ ದಶಕದ ಕೊನೆಯಲ್ಲಿ ಮಾಡಿದ ವಿನ್ಯಾಸ, ಈಗಲೂ ಬಳಕೆಯಲ್ಲಿದೆ. ಅದನ್ನು 600 ಆರ್‌ಪಿಎಂನಲ್ಲಿ, ಹಗುರವಾದ ಸ್ಥಿತಿಯಲ್ಲಿ ಓಡಿಸಿ ಅಳೆದರೆ ಬರುವುದು ರಿಸರ್ಚ್ ಆಕ್ಟೇನ್ ನಂಬರ್, ಚಿಕ್ಕದಾಗಿ ರಾನ್. 900 ಆರ್‌ಪಿಎಂನಲ್ಲಿ, ಮಿಶ್ರಣವನ್ನು 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಗೋಳು ಹೊಯ್ದುಕೊಂಡು ಅಳೆದರೆ ಬರುವುದು ಮೋಟಾರ್ ಆಕ್ಟೇನ್ ನಂಬರ್, ಮಾನ್. ಪೆಟ್ರೋಲಿಗೆ ಮಾನ್ ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಹೆಚ್ಚುಕಡಿಮೆ ಎಂಟು ಹತ್ತು ಅಂಕಿ.

ಇಲ್ಲೊಂದು ಗೊಂದಲ ಇದೆ, ಸ್ವಲ್ಪ ಗಮನ ಕೊಡಿ. ಯುರೋಪಿನಲ್ಲಿ, ಏಷ್ಯಾದ ಹೆಚ್ಚಿನ ದೇಶಗಳಲ್ಲಿ, ಆಸ್ಟ್ರೇಲಿಯಾದಲ್ಲಿ ಬಂಕಿನ ಮೇಲೆ ಬರೆಯುವುದು ರಾನ್. ಅಮೆರಿಕ, ಕೆನಡಾಗಳಲ್ಲಿ ರಾನ್ ಮತ್ತು ಮಾನ್ ಕೂಡಿಸಿ ಎರಡರಿಂದ ಭಾಗಿಸಿ ಬರೆಯುತ್ತಾರೆ. ಅದಕ್ಕೆ ಎಕೆಐ ಅನ್ನುತ್ತಾರೆ. ಹಾಗಾಗಿ ಅಲ್ಲಿಯ 87 ಅಂದರೆ ಇಲ್ಲಿ ಹೇಳಿದ ರಾನ್ ಲೆಕ್ಕದಲ್ಲಿ ಸುಮಾರು 91 ಅಥವಾ 92. ಅಲ್ಲಿಯ 91 ಅಂದರೆ ಸುಮಾರು 95. ಇಂಟರ್ನೆಟ್ಟಿನಲ್ಲಿ ಯಾರೋ "ಇದೇ ಕಾರಿಗೆ 87 ಸಾಕು" ಅಂದದ್ದನ್ನು ನೋಡಿ, ತಮ್ಮ ಮ್ಯಾನುಯಲ್‌ನಲ್ಲಿ 91 ಅಂತ ಇರುವುದು ಕಂಪನಿಯವರ ಮೋಸ ಅಂತ ವಾದ ಮಾಡಿದವರನ್ನು ಕಂಡಿದ್ದೇನೆ. ಇಬ್ಬರೂ ಹೇಳುತ್ತಿರುವುದು ಒಂದೇ ಪೆಟ್ರೋಲು. ಅಂಕಿ ನೋಡುವ ಮೊದಲು ಅದು ಯಾವ ಅಳತೆ ಅಂತ ನೋಡಿ.

ಆಕ್ಟೇನ್ ಏರಿಸುವ ಆಸೆಗೆ ಜಗತ್ತು ಒಂದು ದೊಡ್ಡ ತಪ್ಪನ್ನೂ ಮಾಡಿತು. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1921ರಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಥಾಮಸ್ ಮಿಜ್ಲಿ ಅವರು ಸೀಸದ ಒಂದು ಸಂಯುಕ್ತ ಹಾಕಿದರೆ ನಾಕಿಂಗ್ ನಿಲ್ಲುತ್ತದೆ ಅಂತ ಕಂಡುಕೊಂಡರು. ಟೆಟ್ರಾ ಎಥಿಲ್ ಲೆಡ್. ಒಂದಿಷ್ಟೇ ಇಷ್ಟು ಹಾಕಿದರೆ ಸಾಕು, ಇಂಜಿನ್ ತಣ್ಣಗೆ ಓಡುತ್ತಿತ್ತು. ಆದರೆ ಆ ಸೀಸ ಹೊಗೆಯ ಜೊತೆ ಹೊರಗೆ ಬಂತು, ಮಣ್ಣಿಗೆ ಸೇರಿತು, ಮಕ್ಕಳ ರಕ್ತಕ್ಕೆ ಸೇರಿತು. ಸೀಸ ಮಕ್ಕಳ ಮೆದುಳಿಗೆ ವಿಷ. ಜಗತ್ತಿನ ಕೊನೆಯ ಬಂಕು ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ನಿಲ್ಲಿಸಿದ್ದು 2021ರಲ್ಲಿ, ಅಲ್ಜೀರಿಯಾದಲ್ಲಿ. ಸರಿಯಾಗಿ ನೂರು ವರ್ಷ ಬೇಕಾಯಿತು. ಇವತ್ತು ಅದೇ ಕೆಲಸವನ್ನು ರಿಫೈನರಿಯಲ್ಲಿ ಅಣುಗಳ ರೂಪ ಬದಲಿಸಿ, ಎಥನಾಲ್ ಬೆರೆಸಿ ಮಾಡುತ್ತಾರೆ.

ಸರಿ, ಈಗ ನೀವು ಕೇಳಲು ಬಂದಿರುವ ವಿಷಯ. ಮೈಲೇಜ್.

ಜಾಸ್ತಿ ಆಕ್ಟೇನ್ ಹಾಕಿಸಿದರೆ ಜಾಸ್ತಿ ಮೈಲೇಜ್ ಬರುತ್ತಾ? ಒಂದೇ ಮಾತಿನಲ್ಲಿ ಹೇಳಬೇಕು ಅಂದರೆ, ಆಕ್ಟೇನಿಗೂ ಮೈಲೇಜಿಗೂ ನಡುವೆ ಇರುವುದು ಒಂದೇ ಬಾಗಿಲು. ಅದು ಕಿಡಿ ಹಾರುವ ಹೊತ್ತು. ಈ ಬಾಗಿಲು ನಿಮ್ಮ ಇಂಜಿನ್ನಿನಲ್ಲಿ ತೆರೆಯುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಬಿಡಿಸಿ ಹೇಳುತ್ತೇನೆ. ಈಗಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಅದನ್ನು ತಿರುಗಿಸುವವರೂ ಇಲ್ಲ. ಇಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿದ ಒಂದು ಪುಟ್ಟ ನಾಕ್ ಸೆನ್ಸರ್ ಇರುತ್ತದೆ. ಒಳಗೆ ಪೀಜೋ ಹರಳು. ನಡುಕ ಬಂದರೆ ಅದರಿಂದ ವಿದ್ಯುತ್ತಿನ ಸಂಜ್ಞೆ ಹೊರಡುತ್ತದೆ. ನಿಮ್ಮ ಕಿವಿಗೆ ಕೇಳುವ ಮೊದಲೇ ಅದಕ್ಕೆ ನಾಕಿಂಗ್ ಗೊತ್ತಾಗುತ್ತದೆ. ಇಂಜಿನ್ ಕಂಪ್ಯೂಟರ್ ತಕ್ಷಣ ಕಿಡಿಯನ್ನು ಒಂದೆರಡು ಡಿಗ್ರಿ ತಡ ಮಾಡುತ್ತದೆ. ತಡ ಮಾಡಿದರೆ ಒತ್ತಡದ ಏಟು ಪಿಸ್ಟನ್ ಕೆಳಗೆ ಹೋದ ಮೇಲೆ ಬೀಳುತ್ತದೆ. ನಾಕಿಂಗ್ ನಿಲ್ಲುತ್ತದೆ. ಆದರೆ ತಳ್ಳು ಕಡಿಮೆಯಾಗುತ್ತದೆ, ಅಷ್ಟು ಪೆಟ್ರೋಲಿನ ಬಿಸಿ ಸುಮ್ನೆ ಸೈಲೆನ್ಸರ್ ದಾಟಿ ಹೋಗುತ್ತದೆ. ಅಂದರೆ ಇಂಜಿನ್ ಉಳಿಯಿತು, ಮೈಲೇಜ್ ಹೋಯಿತು.

ಈಗ ಎರಡು ಕಾರು ಊಹಿಸಿಕೊಳ್ಳಿ. ಒಂದು 91 ರಾನ್‌ಗೆ ಅಂತಲೇ ಮಾಡಿದ್ದು. ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, ಸಾಧಾರಣ ಕಂಪ್ರೆಷನ್. 91 ಹಾಕಿದಾಗಲೇ ಅದರ ಕಿಡಿ ಸರಿಯಾದ ಹೊತ್ತಿಗೆ ಹಾರುತ್ತಿದೆ. ಇದಕ್ಕೆ 98 ಹಾಕಿದರೆ? ಮೂಲೆಯ ಮಿಶ್ರಣ ಇನ್ನೂ ಜಾಸ್ತಿ ತಾಳಬಲ್ಲದು. ಆದರೆ ತಾಳು ಅಂತ ಕೇಳುವವರೇ ಇಲ್ಲ. ಬಾಗಿಲು ಮುಚ್ಚಿಯೇ ಇದೆ. ಕೊಟ್ಟ ಹಣ ಕೊಟ್ಟ ಹಾಗೇ ಹೋಯಿತು. ಇನ್ನೊಂದು ಟರ್ಬೊ ಕಾರು, 95 ಬೇಕು ಅಂತ ಬರೆದಿದ್ದಾರೆ. ಅದಕ್ಕೆ 91 ಹಾಕಿದರೆ ಕಂಪ್ಯೂಟರ್ ಕಿಡಿಯನ್ನು ಹಿಂದೆ ಎಳೆಯುತ್ತಲೇ ಇರುತ್ತದೆ. ಪಿಕಪ್ ಬೀಳುತ್ತದೆ, ನೀವು ಇನ್ನಷ್ಟು ಒತ್ತುತ್ತೀರಿ, ಪೆಟ್ರೋಲ್ ಇನ್ನಷ್ಟು ಹೋಗುತ್ತದೆ. ಈ ಕಾರಿಗೆ 95 ಹಾಕಿದರೆ ಮೈಲೇಜ್ ಖಂಡಿತ ಸುಧಾರಿಸುತ್ತದೆ. ಕಳೆದುಕೊಂಡಿದ್ದು ವಾಪಸು ಬರುತ್ತದೆ.

ಎಷ್ಟು ಸುಧಾರಿಸುತ್ತದೆ? ಅಮೆರಿಕದ ಎಎಎ, ಅಂದರೆ ಅಲ್ಲಿಯ ವಾಹನ ಮಾಲೀಕರ ಸಂಘ, ಇದನ್ನು ಪರೀಕ್ಷೆ ಮಾಡಿ ನೋಡಿದೆ. ಸಾದಾ ಪೆಟ್ರೋಲ್ ಸಾಕು ಅಂತ ಕಂಪನಿಯೇ ಹೇಳಿದ ಕಾರುಗಳಿಗೆ ಪ್ರೀಮಿಯಂ ಹಾಕಿದರೆ ಹೇಳಿಕೊಳ್ಳುವಂಥ ಲಾಭವೇನೂ ಸಿಗಲಿಲ್ಲ. ಇದು 2016ರ ಮಾತು. ಮುಂದಿನ ವರ್ಷ, ಪ್ರೀಮಿಯಂ ಒಳ್ಳೆಯದು ಎಂದು ಕಂಪನಿ ಶಿಫಾರಸು ಮಾಡಿದ ಕಾರುಗಳನ್ನು ನೋಡಿದರು. ಸರಾಸರಿ ಮೈಲೇಜ್ 2.7 ಪರ್ಸೆಂಟ್ ಏರಿತು, ಪವರ್ 1.4 ಪರ್ಸೆಂಟ್. ಈ 2.7 ಅನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪ್ರೀಮಿಯಂ ಬೆಲೆ ಸಾದಾ ಪೆಟ್ರೋಲಿಗಿಂತ ಹತ್ತು ಪರ್ಸೆಂಟ್ ಜಾಸ್ತಿ ಇದ್ದರೆ, ಮೈಲೇಜ್ ಏರಿದ್ದು ಮೂರು ಪರ್ಸೆಂಟ್ ಕೂಡ ಇಲ್ಲದಿದ್ದರೆ, ಉಳಿತಾಯ ಎಲ್ಲಿ ಬಂತು? ಅಂಥ ಕಾರಿಗೆ ಪ್ರೀಮಿಯಂ ಹಾಕಿಸುವುದು ಓಡಿಸುವ ಖುಷಿಗೆ. ಅದು ತಪ್ಪಲ್ಲ. ಆದರೆ ಹಣ ಉಳಿಯುತ್ತದೆ ಅಂತ ಹಾಕಿಸಬೇಡಿ.

ಇನ್ನೊಂದು ನಂಬಿಕೆಯನ್ನು ಬಿಡಿಸಬೇಕು. ಆಕ್ಟೇನ್ ಜಾಸ್ತಿ ಇದ್ದರೆ ಒಂದು ಲೀಟರಿನಲ್ಲಿ ಶಕ್ತಿಯೂ ಜಾಸ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಎಥನಾಲ್ ನೋಡಿ. ಅದರ ರಾನ್ ಸುಮಾರು 108. ಪೆಟ್ರೋಲಿಗಿಂತ ಎಷ್ಟೋ ಮೇಲೆ. ಆದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ, ಎಥನಾಲಿನಲ್ಲಿ ಇರುವುದು ಸುಮಾರು 21. ಮೂರರಲ್ಲಿ ಎರಡು ಪಾಲು. ಹಾಗಾಗಿ ಹತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಶಕ್ತಿ ಸುಮಾರು 3 ಪರ್ಸೆಂಟ್ ಕಡಿಮೆ. ಇಪ್ಪತ್ತು ಬೆರೆಸಿದರೆ ಆರು ಏಳು ಪರ್ಸೆಂಟ್ ಕಡಿಮೆ. ಆಕ್ಟೇನ್ ಮೇಲೆ ಹೋಯಿತು, ಶಕ್ತಿ ಕೆಳಗೆ ಬಂತು. ಎಥನಾಲಿಗಾಗಿಯೇ ಕಂಪ್ರೆಷನ್ ಏರಿಸಿ ಮಾಡಿದ ಇಂಜಿನ್ ಆದರೆ ಆ ನಷ್ಟದಲ್ಲಿ ಒಂದಿಷ್ಟನ್ನು ಹಿಂದಕ್ಕೆ ಪಡೆಯುತ್ತದೆ. ಹಳೆಯ ಇಂಜಿನ್ ಪಡೆಯಲಾರದು.

ಕಂಪ್ರೆಷನ್ ವಿಷಯ ಬಂತು. ಜಾಸ್ತಿ ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಜಾಸ್ತಿ ಕೆಲಸ ತೆಗೆಯಬಹುದು. ಆಕ್ಟೇನಿಗೆ ಇಷ್ಟು ಬೆಲೆ ಬಂದಿದ್ದೇ ಇದರಿಂದ. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳಿಗೆ 100 ಆಕ್ಟೇನ್ ಇಂಧನ ಸಿಕ್ಕಾಗ, ಅವುಗಳ ಮರ್ಲಿನ್ ಇಂಜಿನ್ನಿನ ಬೂಸ್ಟ್ ಒತ್ತಡವನ್ನು, ಅಂದರೆ ಇಂಜಿನ್ನಿಗೆ ಗಾಳಿ ತುಂಬುವ ಒತ್ತಡವನ್ನು, ಚದರ ಇಂಚಿಗೆ ಸುಮಾರು 6 ಪೌಂಡಿನಿಂದ 12ಕ್ಕೆ ಏರಿಸಲು ಆಯಿತು. ಇಂಧನ ಬದಲಾದ್ದರಿಂದಷ್ಟೇ ಬಲ ಬರಲಿಲ್ಲ. ಇಂಧನ ತಾಳುತ್ತದೆ ಅಂತ ಗೊತ್ತಾದ ಮೇಲೆ ಇಂಜಿನ್ನನ್ನು ಜಾಸ್ತಿ ಒತ್ತಿದರು, ಅದರಿಂದ ಬಂತು.

ಹಾಗಂತ ನಿಮ್ಮ ಕಾರಿನ ಕಂಪ್ರೆಷನ್ ಅನುಪಾತ ನೋಡಿ ನೀವೇ ಆಕ್ಟೇನ್ ಲೆಕ್ಕ ಹಾಕಲು ಹೋಗಬೇಡಿ. ಒಂದು ಕಾಲದಲ್ಲಿ ಅದು 10ಕ್ಕೆ 1, ಅಂದರೆ ಹತ್ತು ಪಾಲು ಜಾಗದ ಮಿಶ್ರಣವನ್ನು ಒಂದು ಪಾಲಿಗೆ ಒತ್ತುವುದು, ದಾಟಿದರೆ ಪ್ರೀಮಿಯಂ ಬೇಕೇ ಬೇಕು ಅನ್ನುತ್ತಿದ್ದರು. ಮಜ್ದಾದವರ ಸ್ಕೈಆಕ್ಟಿವ್ ಇಂಜಿನ್ 13ಕ್ಕೆ 1 ಇದ್ದರೂ ಅಮೆರಿಕದಲ್ಲಿ ಸಾದಾ ಪೆಟ್ರೋಲಿನಲ್ಲೇ ಓಡುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿನ ಒಳಗೇ ಚಿಮ್ಮಿಸುತ್ತಾರೆ, ಅದು ಆವಿಯಾಗುತ್ತಾ ಒಳಗಿನ ಬಿಸಿ ಹೀರುತ್ತದೆ. ಹೊಗೆ ಹೊರಹೋಗುವ ಕೊಳವೆಯನ್ನೂ ಅದಕ್ಕೆ ತಕ್ಕಂತೆ ರೂಪಿಸಿದ್ದಾರೆ. ಇಂಥ ಹತ್ತು ವಿಷಯ ಸೇರಿ ಒಂದು ಅಂಕಿ ಬರುತ್ತದೆ. ಆ ಅಂಕಿಯನ್ನು ಇಂಜಿನ್ ಮಾಡಿದವರೇ ಕಂಡುಹಿಡಿದು ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿದ್ದಾರೆ. ಎಷ್ಟು ಜನ ಅದನ್ನು ಓದಿದ್ದೀರಿ? ಕೈ ಎತ್ತಿ ನೋಡೋಣ.

(ಕೈಗಳು ಬಹಳ ಕಡಿಮೆ ಎದ್ದವು.)

ಇವತ್ತು ಹೋಗುವಾಗ ಓದಿ. ಮ್ಯಾನುಯಲ್‌ನಲ್ಲೂ ನೋಡಿ. ಅಲ್ಲಿ ಬಳಸಿದ ಪದ ಮುಖ್ಯ. "ಕನಿಷ್ಠ 91" ಅಂದರೆ 91 ಹಾಕಿಸಿ, ನಿಶ್ಚಿಂತೆಯಿಂದ ಇರಿ. "95 ಶಿಫಾರಸು" ಅಂದರೆ 95 ಹಾಕಿದರೆ ಪೂರ್ತಿ ಪವರ್ ಸಿಗುತ್ತದೆ, 91ರಲ್ಲೂ ಇಂಜಿನ್ ಹೊಂದಿಕೊಳ್ಳುತ್ತದೆ, ಆಯ್ಕೆ ನಿಮ್ಮದು. "95 ಕಡ್ಡಾಯ" ಅಂದರೆ ಅದಕ್ಕಿಂತ ಕಡಿಮೆ ಬೇಡವೇ ಬೇಡ. ಸೆನ್ಸರ್ ಇದೆಯಲ್ಲ, ನೋಡಿಕೊಳ್ಳುತ್ತದೆ ಅನ್ನಬೇಡಿ. ಅದು ಕಿಡಿಯನ್ನು ಒಂದು ಮಿತಿಯವರೆಗೆ ಮಾತ್ರ ಹಿಂದೆ ಎಳೆಯಬಲ್ಲದು. ಬಿಸಿಲಲ್ಲಿ, ಲೋಡು ಹೇರಿಕೊಂಡು, ಎಸಿ ಹಾಕಿಕೊಂಡು ಘಾಟಿ ಹತ್ತುವಾಗ ಆ ಮಿತಿ ಮುಗಿಯಬಹುದು.

ನಾಕಿಂಗ್ ಕೇಳಿಸಿತು ಅಂತಲೇ ಇಟ್ಟುಕೊಳ್ಳಿ. ಆಗ ಕಾಲು ಸಡಿಲಿಸಿ, ಒಂದು ಗೇರ್ ಇಳಿಸಿ. ದೊಡ್ಡ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಒತ್ತಿದಾಗ ಮೂಲೆಯ ಮಿಶ್ರಣ ಜಾಸ್ತಿ ಹೊತ್ತು ಕಾಯಬೇಕಾಗುತ್ತದೆ, ಅದಕ್ಕೇ ತಾಳ್ಮೆ ಕೆಡುತ್ತದೆ. ಆರ್‌ಪಿಎಂ ಏರಿದರೆ ಬೆಂಕಿ ಬೇಗ ತಲುಪುತ್ತದೆ. ಮೈಲೇಜ್ ಆಸೆಗೆ ಸಣ್ಣ ಸ್ಪೀಡಿನಲ್ಲೇ ಟಾಪ್ ಗೇರಿಗೆ ಹಾಕಿ ದಿಣ್ಣೆ ಹತ್ತಿಸುವವರು ಇದನ್ನು ನೆನಪಿಡಿ. ಸರಿಯಾದ ಪೆಟ್ರೋಲ್ ಹಾಕಿದ ಮೇಲೂ ಶಬ್ದ ಬಂದರೆ ತೋರಿಸಿ. ತಪ್ಪು ಜಾತಿಯ ಪ್ಲಗ್ ಇರಬಹುದು, ಕೂಲಂಟ್ ಕಡಿಮೆಯಾಗಿ ಇಂಜಿನ್ ಬಿಸಿಯಾಗುತ್ತಿರಬಹುದು, ಹಳೆಯ ಗಾಡಿಯಾದರೆ ಒಳಗೆ ಕಾರ್ಬನ್ ಕಟ್ಟಿರಬಹುದು. ಕಾರ್ಬನ್ ಜಾಗ ತಿನ್ನುತ್ತದೆ, ಕಂಪ್ರೆಷನ್ ಏರಿಸುತ್ತದೆ, ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ಮೈಲೇಜ್ ಅಳೆಯುವುದು. ನನಗೆ ಬಹಳ ಜನ ಹೇಳಿದ್ದಾರೆ, "ಒಂದು ಟ್ಯಾಂಕ್ ಪ್ರೀಮಿಯಂ ಹಾಕಿಸಿ ನೋಡಿದೆ, ಒಂದು ಕಿಲೋಮೀಟರ್ ಜಾಸ್ತಿ ಬಂತು" ಅಂತ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಒಂದು ಟ್ಯಾಂಕಿನಲ್ಲಿ ಇದು ಗೊತ್ತಾಗುವುದಿಲ್ಲ. ಲೆಕ್ಕ ನೋಡಿ. ಫುಲ್ ಟ್ಯಾಂಕ್ ಮಾಡಿಸಿ 420 ಕಿಲೋಮೀಟರ್ ಓಡಿಸಿದಿರಿ. ಮತ್ತೆ ಫುಲ್ ಮಾಡಿಸಿದಾಗ 28 ಲೀಟರ್ ಹಿಡಿಸಿತು. ಲೀಟರಿಗೆ 15. ಈಗ ಎರಡನೇ ಸಲ ಪಂಪಿನ ಗನ್ ಒಂದು ಲೀಟರ್ ಮೊದಲೇ ಕಟ್ ಆಯಿತು ಅಂದುಕೊಳ್ಳಿ. ಗಾಡಿ ಸ್ವಲ್ಪ ವಾಲಿ ನಿಂತರೂ, ನೊರೆ ಎದ್ದರೂ ಹಾಗಾಗುತ್ತದೆ. 27 ಲೀಟರಿಗೆ 420 ಅಂದರೆ ಸುಮಾರು 15.6. ಏನೂ ಬದಲಾಗದೆ ಮೈಲೇಜ್ ಸುಮಾರು 4 ಪರ್ಸೆಂಟ್ ಏರಿತು! ನಾವು ಹುಡುಕುತ್ತಿರುವ ಲಾಭವೇ 2.7. ಅಳತೆಯ ತಪ್ಪು ಅದಕ್ಕಿಂತ ದೊಡ್ಡದು.

ಹಾಗಾಗಿ ಹೀಗೆ ಮಾಡಿ. ಗಾಡಿಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಡಿ. ಒಂದೇ ಬಂಕು, ಸಾಧ್ಯವಾದರೆ ಒಂದೇ ಪಂಪು, ಗನ್ ಮೊದಲ ಸಲ ಕಟ್ ಆದ ತಕ್ಷಣ ಸಾಕು ಅನ್ನಿ. ಮೇಲೆ ಮೇಲೆ ಒತ್ತಿಸಬೇಡಿ. ಓಡೋಮೀಟರ್ ಬರೆದುಕೊಳ್ಳಿ, ಲೀಟರ್ ಬರೆದುಕೊಳ್ಳಿ. ಒಂದು ಪೆಟ್ರೋಲಿಗೆ ಕಡಿಮೆ ಅಂದರೂ ನಾಲ್ಕೈದು ಟ್ಯಾಂಕ್. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಪಕ್ಕದಲ್ಲಿ ಒಂದು ಪದ ಬರೆಯಿರಿ: ಟ್ರಾಫಿಕ್, ಹೈವೇ, ಮಳೆ, ಹೀಗೆ. ನಾನು ವರ್ಷಗಟ್ಟಲೆ ಬರೆದಿದ್ದೇನೆ. ತಿರುವಿ ನೋಡಿದಾಗ ನನಗೆ ಕಂಡಿದ್ದು ಏನು ಅಂದರೆ, ಮೈಲೇಜ್ ಏರಿಳಿತವನ್ನು ವಿವರಿಸುತ್ತಿದ್ದದ್ದು ಆ ಪಕ್ಕದ ಪದ. ಪೆಟ್ರೋಲಿನ ಹೆಸರು ಎಲ್ಲೋ ಹಿಂದೆ ಉಳಿದಿತ್ತು.

ಅದು ಸಹಜವೇ. ಗಾಳಿ ಗಾಡಿಯನ್ನು ತಡೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಹೋಗುತ್ತಿದ್ದವರು 100ಕ್ಕೆ ಏರಿಸಿದರೆ ವೇಗ ಏರಿದ್ದು ಕಾಲು ಪಾಲು, ಗಾಳಿಯ ತಡೆ ಏರಿದ್ದು ಅರ್ಧ ಪಾಲಿಗೂ ಮೇಲೆ. ಅಮೆರಿಕ ಸರ್ಕಾರದ ಇಂಧನ ಇಲಾಖೆಯ ಅಂದಾಜಿನಲ್ಲಿ, ಜೋರಾಗಿ ಒತ್ತುವುದು, ಜೋರಾಗಿ ಬ್ರೇಕ್ ಹಾಕುವುದು ಮಾಡಿದರೆ ಹೈವೇಯಲ್ಲಿ 15ರಿಂದ 30 ಪರ್ಸೆಂಟ್, ನಿಂತು ಹೋಗುವ ಟ್ರಾಫಿಕ್‌ನಲ್ಲಿ 10ರಿಂದ 40 ಪರ್ಸೆಂಟ್ ಮೈಲೇಜ್ ಹೋಗುತ್ತದೆ. ಇದರ ಮುಂದೆ ಆ 2.7 ಎಷ್ಟು ಹೇಳಿ? ಟೈರಿಗೆ ಸರಿಯಾಗಿ ಗಾಳಿ ಹಾಕಿಸಿದರೆ ಸಿಗುವ ಲಾಭವೇ ಕೆಲವು ಸಲ ಅಷ್ಟಿರುತ್ತದೆ. ಬಳಸದಿದ್ದಾಗಲೂ ತಲೆಯ ಮೇಲೆ ಕ್ಯಾರಿಯರ್ ಹೊತ್ತು ತಿರುಗುವ ಗಾಡಿಗಳನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮುಂದೆ ಕೆಂಪು ದೀಪ ಕಾಣುತ್ತಿದೆ ಅಂದರೆ ಈಗಲೇ ಕಾಲು ತೆಗೆಯಿರಿ. ಗೇರಿನಲ್ಲೇ ಇರಲಿ. ಈಗಿನ ಇಂಜಿನ್‌ಗಳು ಆ ಹೊತ್ತಿನಲ್ಲಿ ಪೆಟ್ರೋಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಐಡಲ್‌ನಲ್ಲಿ ಓಡಲು ಪೆಟ್ರೋಲ್ ಬೇಕು. ಇದು ಗೊತ್ತಿಲ್ಲದೆ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರು ಬಹಳ. ಅದರಲ್ಲಿ ಉಳಿತಾಯವೂ ಇಲ್ಲ, ಇಂಜಿನ್ ಬ್ರೇಕೂ ಇಲ್ಲ.

ಆಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು, ಪ್ರೀಮಿಯಂ ಪೆಟ್ರೋಲ್ ಇಂಜಿನ್ನನ್ನು ಕ್ಲೀನ್ ಮಾಡುತ್ತದಂತಲ್ಲ ಅಂದರು. ಕ್ಲೀನ್ ಮಾಡುವುದು ಅದರಲ್ಲಿ ಬೆರೆಸುವ ಡಿಟರ್ಜೆಂಟ್, ಸರ್. ಆಕ್ಟೇನ್ ಬೇರೆ, ಡಿಟರ್ಜೆಂಟ್ ಬೇರೆ. ಕೆಲವು ಕಂಪನಿಗಳು ಪ್ರೀಮಿಯಂಗೆ ಅದನ್ನು ಜಾಸ್ತಿ ಹಾಕುತ್ತವೆ, ಅದು ನಿಜ. ಸಾದಾ ಪೆಟ್ರೋಲಿನಲ್ಲೂ ಒಳ್ಳೆಯ ಡಿಟರ್ಜೆಂಟ್ ಇರಬಹುದು. ಅಂಕಿ ನೋಡಿ ಅದನ್ನು ಹೇಳಲು ಬರುವುದಿಲ್ಲ.

ಒಬ್ಬ ಹುಡುಗ ತಪ್ಪಿ 91 ಹಾಕಿಸಿಬಿಟ್ಟಿದ್ದಾನೆ, ಅವನ ಕಾರಿಗೆ 95 ಬೇಕು. ಗಾಬರಿಯಾಗಬೇಡಪ್ಪ, ಟ್ಯಾಂಕ್ ಖಾಲಿ ಮಾಡಿಸಬೇಕಾಗಿಲ್ಲ. ಮೆಲ್ಲಗೆ ಓಡಿಸು, ಪೂರ್ತಿ ಒತ್ತಬೇಡ, ದಿಣ್ಣೆಯಲ್ಲಿ ಗೇರ್ ಇಳಿಸು. ಅರ್ಧ ಖಾಲಿಯಾದ ಮೇಲೆ 98 ಸಿಕ್ಕರೆ ಅದನ್ನು ತುಂಬಿಸು. 91 ಮತ್ತು 98 ಸಮ ಸಮ ಬೆರೆತರೆ ಹೆಚ್ಚುಕಡಿಮೆ ನಡುವಿನ ಅಂಕಿಗೇ ಬರುತ್ತದೆ. ಆದರೆ ಡೀಸೆಲ್ ಹಾಕಿಸಿಬಿಟ್ಟರೆ ಮಾತ್ರ ಸ್ಟಾರ್ಟ್ ಮಾಡಲೇಬೇಡ. ಡೀಸೆಲಿಗೆ ಬೇಕಾದದ್ದು ಪೂರ್ತಿ ಉಲ್ಟಾ ಗುಣ, ಒತ್ತಿದ ತಕ್ಷಣ ತಾನೇ ಹೊತ್ತಿಕೊಳ್ಳಬೇಕು. ಅದರ ಅಳತೆ ಸೀಟೇನ್.

ಆಕ್ಟೇನ್ ಬೂಸ್ಟರ್ ಬಾಟಲಿ ಬಗ್ಗೆ ಇಬ್ಬರು ಕೇಳಿದರು. ಬಾಟಲಿಯ ಮೇಲೆ "30 ಪಾಯಿಂಟ್ ಏರಿಸುತ್ತದೆ" ಅಂತ ಇದ್ದರೆ ಸಣ್ಣ ಅಕ್ಷರ ಓದಿ. ಬಹಳ ಸಲ ಅವರ ಒಂದು ಪಾಯಿಂಟ್ ಅಂದರೆ 0.1. ಮೂವತ್ತು ಪಾಯಿಂಟ್ ಅಂದರೆ 91 ಹೋಗಿ 94 ಆಗುತ್ತದೆ, 121 ಆಗುವುದಿಲ್ಲ. ಬಂಕಿನಲ್ಲೇ 95 ಸಿಗುವಾಗ ಬಾಟಲಿ ಯಾಕೆ?

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಪಿಸ್ಟನ್ ಹಿಡಿದುಕೊಂಡು ಮುಂದೆ ಬಂದರು. "ಸರ್, ಇದರ ಗಾಡಿ ಆಮೇಲೆ ಏನಾಯ್ತು?" ಅಂತ ಕೇಳಿದರು.

ಹೆಡ್ ಬಿಚ್ಚಿಸಿದೆ. ಪಿಸ್ಟನ್, ರಿಂಗು ಎಲ್ಲ ಹೊಸದು ಹಾಕಿಸಿದೆ. ಟೈಮಿಂಗ್ ಲೈಟ್ ಹಿಡಿದು, ಪುಸ್ತಕದಲ್ಲಿ ಬರೆದ ಡಿಗ್ರಿಗೇ ಕಿಡಿ ಕೂರಿಸಿದರು. ಮೈಲೇಜ್ ಕಡಿಮೆಯಾಗಿದ್ದಕ್ಕೆ ಕಾರಣವೂ ಆಗಲೇ ಸಿಕ್ಕಿತು. ಹಿಂದಿನ ಎಡಗಡೆಯ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಜಾಕ್ ಕೊಟ್ಟು ಎತ್ತಿ ಚಕ್ರ ತಿರುಗಿಸಿದರೆ ಕರ್ ಅಂತ ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು.